ಕಾಟೊ ಕಾಯುವ ಹೊತ್ತು

“ಮ್ಮ್.”

“ಏಏ.”

“ಮ್ಮ್.”

“ಏಏ.”

ಬೆಳಕು ಹರಿಯುತ್ತಿದ್ದಂತೆ ಮನೆಯ ಮುಂದಿನ ಕಾಲುದಾರಿಯಲ್ಲಿ ಈ ಸದ್ದು ಶುರುವಾಗುತ್ತದೆ. ನೀರಿಗೆ ಹೊರಟವರಿಗೆ ಕಾಫಿ ಬಿಡಿಸಲು ಹೊರಟವರು ಎದುರಾಗುತ್ತಾರೆ. ನಿದ್ದೆ ಬಂತೇ, ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ, ಗಾಳಿಗೆ ಬಿದ್ದ ಬಾಳೆಗಿಡ ಏನಾಯಿತು ಎಂದು ಒಂದೊಂದೇ ಕೇಳಿ, ಒಂದೊಂದಕ್ಕೂ ಉತ್ತರ ಪಡೆದು, ಕೇಳಲು ಇನ್ನೇನೂ ಇಲ್ಲವಾದಾಗ ಉಳಿಯುವುದು ಈ ಗುನುಗು. ಒಬ್ಬರು ನೀರಿನ ಕಡೆಗೆ, ಒಬ್ಬರು ತೋಟದ ಕಡೆಗೆ ಬೆನ್ನು ತಿರುಗಿಸಿ ನಡೆಯುತ್ತಲೇ ಇರುತ್ತಾರೆ. ಮ್ಮ್ ಎಂದರೆ ಏಏ, ಏಏ ಎಂದರೆ ಮ್ಮ್. ದೂರ ಹೆಚ್ಚಿದಂತೆ ದನಿ ಸಣ್ಣದಾಗುತ್ತದೆ. ಕೊನೆಯ ಮ್ಮ್ ಯಾರದಾಗಿತ್ತು ಎಂದು ಬಾಳೆ ಎಲೆಗಳಿಗೂ ಗೊತ್ತಾಗುವುದಿಲ್ಲ.

ನಲುಗ್ವಾಳಿಗೆ ದಿನವೂ ಎಚ್ಚರವಾಗುತ್ತಿದ್ದದ್ದು ಈ ಸದ್ದಿಗೆ. ಮನೆ ಅವಳದಲ್ಲ, ತಮ್ಮನದು. ಅವಳ ಮನೆ ಲ್ವೆರಾದ ಜೌಗಿನ ಅಂಚಿನಲ್ಲಿತ್ತು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಅವಳು ಈಚಲು ಗರಿಯ ಚಾಪೆ ಹೆಣೆಯುತ್ತಿದ್ದಳು. ಗರಿಗೆ ಹಾಕುವ ನೇರಳೆ ಬಣ್ಣ ಬೆರಳ ತುದಿಗಳಿಗೆ ಹತ್ತಿ, ಎಷ್ಟು ತೊಳೆದರೂ ಹೋಗದೆ, ಈಗ ಅದೇ ಅವಳ ಬಣ್ಣವೇನೋ ಎನ್ನುವಂತಾಗಿತ್ತು. ಎತ್ತರದ ಹೆಂಗಸು. ನಕ್ಕರೆ ಮೂರು ಮನೆಯಾಚೆಗೆ ಕೇಳಿಸುತ್ತಿತ್ತು.

ತಮ್ಮನಿಗೆ ಅವಳಿ ಗಂಡುಮಕ್ಕಳಾದವು ಎಂದು ಸುದ್ದಿ ಬಂದಾಗ ಅವಳು ಚಾಪೆ ಸುತ್ತಿಟ್ಟು, ಮೇಕೆಗಳನ್ನು ಪಕ್ಕದ ಮನೆಗೆ ಒಪ್ಪಿಸಿ ಹೊರಟಳು. ಅವಳಿಗಳಿಗೆ ಹೆಸರು ಹುಡುಕುವ ಕೆಲಸ ಇರುವುದಿಲ್ಲ. ಮೊದಲು ಬಂದವನು ವಸ್ವಾ, ಹಿಂದೆಯೇ ಬಂದವನು ಕಾಟೊ. ಅಂದಿನಿಂದ ತಂದೆತಾಯಿಯ ಹಳೆಯ ಹೆಸರುಗಳೂ ಮೂಲೆ ಸೇರುತ್ತವೆ. ಅವಳಿಗಳ ಅಪ್ಪ ಊರಿಗೆಲ್ಲ ಸಾಲೊಂಗೊ, ಅಮ್ಮ ನಾಲೊಂಗೊ. ಸೋದರತ್ತೆಯನ್ನು ಕರೆಯುವುದು ಸೆಂಗಾ ಎಂದು; ನಲುಗ್ವಾಳಿಗೆ ಆ ಮನೆಯಲ್ಲಿ ಅದೇ ಹೆಸರಾಯಿತು.

“ಮಕ್ಕಳು ಕೂರೋತನಕ ಇರ್ತೀನಿ,” ಎಂದಿದ್ದಳು. ಬಟ್ಟೆಯ ಒತ್ತು ಕೊಟ್ಟು ಅವರಿಗೆ ಕೂರಲು ಕಲಿಸಿದವಳೂ ಅವಳೇ, ಕೂರಿಸುವ ಶಾಸ್ತ್ರಕ್ಕೆ ಹೊಸ ಚಾಪೆ ಹೆಣೆದವಳೂ ಅವಳೇ. ಮಕ್ಕಳು ಕೂತರು. ಸೆಂಗಾ ಹೋಗಲಿಲ್ಲ. ನಾಲೊಂಗೊ ಮತ್ತೆ ಕೂಡುರಸ್ತೆಯ ಅಂಗಡಿ ಜಗಲಿಯಲ್ಲಿ ಹೊಲಿಗೆ ಮೆಷಿನ್ ಹಾಕಿಕೊಂಡು ಕೂರಬೇಕಾಗಿತ್ತು. ಶಾಲೆ ಶುರುವಾಗುವ ಕಾಲ, ಊರಿನ ಸಮವಸ್ತ್ರವೆಲ್ಲ ಅವಳ ಕೈಯಲ್ಲೇ ಆಗಬೇಕು. ಇಬ್ಬರನ್ನೂ ಕಟ್ಟಿಕೊಂಡು ಮೆಷಿನ್ ತುಳಿಯಲಾಗುವುದಿಲ್ಲ. ಒಬ್ಬ ಅವಳ ಜೊತೆ ಅಂಗಡಿಗೆ, ಇನ್ನೊಬ್ಬ ಮನೆಯಲ್ಲಿ ಸೆಂಗಾಳ ಬೆನ್ನಿಗೆ.

ಯಾರು ಎಲ್ಲಿಗೆ ಎನ್ನುವುದನ್ನು ಸೆಂಗಾ ತೀರ್ಮಾನಿಸಿದಳು.

“ಇವತ್ತು ವಸ್ವಾ ನಿಂಜೊತೆ, ನಾಳೆ ಕಾಟೊ. ನಾಡಿದ್ದು ಮತ್ತೆ ವಸ್ವಾ. ಒಂದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗಬಾರದು.”

ಅವಳಿಗಳನ್ನು ಸರಿಸಮ ನೋಡದಿದ್ದರೆ ಅವು ಮುನಿಯುತ್ತವೆ, ಮುನಿದರೆ ಮನೆಯಲ್ಲಿ ಯಾರಿಗಾದರೂ ಬೆಂಕಿ ತಾಗುತ್ತದೆ ಎನ್ನುವುದನ್ನು ಅವಳು ಚಿಕ್ಕಂದಿನಿಂದ ಕೇಳಿದವಳು. ಅದರ ಮೇಲೆ ಚಾಪೆಯವಳು ಬೇರೆ. ಎಡಭಾಗದಲ್ಲಿ ಬಂದ ನೇರಳೆ ಪಟ್ಟಿ ಬಲಭಾಗದಲ್ಲಿ ಬಾರದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಹಾಗಾಗಿ ಒಂದೇ ಬಟ್ಟೆಯ ಅಂಗಿ, ಒಂದೇ ಬಟ್ಟಲಿನ ಗಂಜಿ, ಒಬ್ಬನಿಗೆ ಮುತ್ತು ಕೊಟ್ಟರೆ ಇನ್ನೊಬ್ಬನನ್ನು ಹುಡುಕಿ ಮುತ್ತು. ಇಬ್ಬರಿಗೂ ಒಟ್ಟಿಗೆ ಹಾಲು ಕುಡಿಸಲೂ ನೋಡಿದ್ದರು. ಒಬ್ಬನ ಕಾಲು ಇನ್ನೊಬ್ಬನ ಮೂಗಿಗೆ ಹೋಗಿ ರಣರಂಗವಾಗಿತ್ತು. ಅದಕ್ಕೆ ಬೆಳಿಗ್ಗೆ ಮೊದಲು ವಸ್ವಾ ಕುಡಿಯುತ್ತಿದ್ದ, ಅವನು ಹಿರಿಯ, ಅದರಲ್ಲಿ ಕೇಳುವುದೇನಿದೆ; ಆಮೇಲೆ ಕಾಟೊ.

ಕೆಲವು ತಿಂಗಳು ಎಲ್ಲ ಚೆನ್ನಾಗಿಯೇ ನಡೆಯಿತು. ಬೆನ್ನು ಯಾರದಾದರೇನು, ಬೆಚ್ಚಗಿದ್ದರೆ ಸಾಕು ಎನ್ನುವ ವಯಸ್ಸು. ಅಂಬೆಗಾಲಿಡುವ ಹೊತ್ತಿಗೆ ಕಾಟೊ ಬದಲಾದ.

ಅವನ ಸರದಿಯ ದಿನ ನಾಲೊಂಗೊ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಅಂಗಳ ದಾಟಿದಳೋ ಇಲ್ಲವೋ, ಅವನು ಮೈಯನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸಿ ಕಿರುಚಿದ. ಅಂಗಡಿಯಲ್ಲೂ ಅದೇ. ಅಳತೆ ಕೊಡಲು ಬಂದವರು ಕಿವಿ ಮುಚ್ಚಿಕೊಂಡು ಹೋದರು. ಮಧ್ಯಾಹ್ನಕ್ಕೆ ಮುಂಚೆಯೇ ತಾಯಿಮಗ ಹಿಂದಕ್ಕೆ ಬಂದರು, ಮಗನ ಗಂಟಲು ಕಟ್ಟಿತ್ತು, ತಾಯಿಯ ಕಣ್ಣು ಕೆಂಪಾಗಿತ್ತು. ಸೆಂಗಾಳನ್ನು ಕಂಡದ್ದೇ ಕಾಟೊ ಎರಡೂ ಕೈ ಚಾಚಿ, ಅವಳ ಕುತ್ತಿಗೆಗೆ ಬಿದ್ದು, ಒಂದು ಬಿಕ್ಕಿಗೇ ಸುಮ್ಮನಾದ.

ಬೇಲಿಯಾಚೆ ಬೀನ್ಸ್ ಸುಲಿಯುತ್ತ ಕೂತಿದ್ದ ಅಜ್ಜಿ ನಬುಲ್ಯಾ ಇದನ್ನೆಲ್ಲ ನೋಡಿದಳು. ನೋಡಿದ್ದನ್ನು ಹೇಳದೆ ಇರುವುದು ಅವಳಿಗೆ ಗೊತ್ತಿರಲಿಲ್ಲ.

“ಏ ನಾಲೊಂಗೊ, ಹೆತ್ತಿದ್ದು ಇಬ್ಬರನ್ನ, ಸಿಕ್ಕಿದ್ದು ಒಬ್ಬನೇ ಅಲ್ವೇನೇ? ಇನ್ನೊಂದನ್ನ ನಾದಿನಿ ಹೊಡ್ಕೊಂಡ್ಲು!”

“ಅಜ್ಜಿ, ನಿಮ್ಮ ಬೀನ್ಸು ಕೋಳಿ ತಿಂತಿದೆ, ನೋಡ್ಕೊಳ್ಳಿ,” ಎಂದಳು ನಾಲೊಂಗೊ. ಮಾತು ನಗುತ್ತಲೇ ಬಂದಿತ್ತು. ಒಳಗೆ ಹೋಗಿ ವಸ್ವಾನನ್ನು ಎತ್ತಿಕೊಂಡವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಸೆಂಗಾಳಿಗೆ ತಮ್ಮನ ಹೆಂಡತಿಯ ಸಂಕಟ ಅರ್ಥವಾಗದೆ ಇರಲಿಲ್ಲ. ಆದರೆ ಕುತ್ತಿಗೆಯ ಮೇಲೆ ಆ ಪುಟ್ಟ ಬಿಸಿ ಉಸಿರು ಇತ್ತು. ತನಗಾಗಿ ಇಷ್ಟು ಅತ್ತವರು ಈ ವಯಸ್ಸಿನವರೆಗೆ ಯಾರೂ ಇರಲಿಲ್ಲ ಎನ್ನುವುದೂ ಇತ್ತು. ಕಾಟೊನ ಮುಂದಿನ ಸರದಿಯ ದಿನ ಮಾತ್ರ ತನ್ನ ಉಪಾಯವೊಂದನ್ನು ತಂದಳು.

“ಮಕ್ಕಳಿಗೆ ಗೊತ್ತಾಗೋದು ವಾಸನೆ. ನೀನು ನನ್ನ ಈ ಉದ್ದನೆ ಗೊಮೆಸಿ ಉಟ್ಕೋ, ತಲೆಗೆ ನನ್ನ ಬಟ್ಟೆ ಸುತ್ಕೋ. ನಾನು ನಿನ್ನ ಫ್ರಾಕು ಹಾಕ್ಕೋತೀನಿ. ಹೊಗೆ ವಾಸನೆ ನಿಂಗೆ, ಸೋಪಿನ ವಾಸನೆ ನಂಗೆ.”

“ನನ್ನ ಫ್ರಾಕು ನಿಮಗಾ, ಸೆಂಗಾ? ಅಂಗಿ ಹಾಕ್ಕೊಂಡ ಹಾಗೆ ಕಾಣ್ತೀರ!”

“ಕಾಣ್ಲಿ ಬಿಡು. ನಂಗೇನು ಗಂಡು ನೋಡೋಕೆ ಬರ್ತಿದ್ದಾರಾ?”

ಸಾಲೊಂಗೊ ಚಹಾ ಲೋಟ ಹಿಡಿದು ಹೊರಗೆ ಬಂದವನು ಅಕ್ಕನನ್ನು ನೋಡಿದ. ಫ್ರಾಕು ಮೊಣಕಾಲಿನ ಬಳಿ ನಿಂತಿತ್ತು, ಕೊರಳಲ್ಲಿ ಅಳತೆಯ ಟೇಪು ತೂಗುತ್ತಿತ್ತು. ಪಕ್ಕದಲ್ಲಿ ಹೆಂಡತಿ, ಎತ್ತರದ ಭುಜದ ನೆರಿಗೆಗಳ ನಡುವೆ ಕುತ್ತಿಗೆಯೇ ಕಾಣದ ಹಾಗೆ ಗೊಮೆಸಿಯಲ್ಲಿ ಮುಳುಗಿದ್ದಳು. ಸೊಂಟದ ಪಟ್ಟಿ ಎರಡು ಸುತ್ತು ಹೆಚ್ಚಾಗಿ ಮುಂದೆ ಜೋತುಬಿದ್ದಿತ್ತು. ಅವನ ಬಾಯಲ್ಲಿದ್ದ ಚಹಾ ಮೂಗಿನಿಂದ ಬಂತು.

“ನಗಬೇಡವೋ, ಮಕ್ಕಳಿಗೆ ಗೊತ್ತಾಗತ್ತೆ!” ಎಂದು ಅಕ್ಕ ಗದರಿದಳು.

ಹಿಂದಿನಿಂದ ಬಂದು ಕಾಟೊನನ್ನು ನಾಲೊಂಗೊಳ ಬೆನ್ನಿಗೆ ಕಟ್ಟಿದರು. ಅವನು ತಲೆಬಟ್ಟೆಗೆ ಮೂಗು ಒತ್ತಿ ನಿಟ್ಟುಸಿರಿಟ್ಟ. ಹಲಸಿನ ಮರದವರೆಗೆ ಸದ್ದಿಲ್ಲ. ಸೆಂಗಾ ಗೆದ್ದೆ ಎಂದುಕೊಂಡಳು. ಅಷ್ಟರಲ್ಲಿ ಯಾವುದೋ ಸೈಕಲ್ ಗಂಟೆ ಬಾರಿಸಿತು, ನಾಲೊಂಗೊ ತಿರುಗಿ ನೋಡಿದಳು, ಕಾಟೊನಿಗೆ ಅವಳ ಕೆನ್ನೆ ಕಂಡಿತು. ಮರದ ಮೇಲಿನ ಹಕ್ಕಿಗಳೆಲ್ಲ ಹಾರಿಹೋದವು. ಇತ್ತ ವಸ್ವಾ ಫ್ರಾಕಿನ ಬೆನ್ನಿನಲ್ಲಿ ಕೂತು, ನಿಧಾನವಾಗಿ ಒಂದು ಕಡೆಗೆ ಬಾಗಿ, ಸೆಂಗಾಳ ಮುಖವನ್ನು ಇಣುಕಿ ನೋಡಿ, ಮೋಸ ಮಾಡಿದವರನ್ನು ನೋಡುವ ಹಾಗೆ ನೋಡಿ, ಅವನೂ ಶುರುಮಾಡಿದ.

“ಒಂದು ಕೆಲಸ ಮಾಡಿ,” ಎಂದಳು ಬೇಲಿಯಾಚೆಯ ನಬುಲ್ಯಾ, “ಸಾಲೊಂಗೊಗೂ ಒಂದು ಫ್ರಾಕು ಹೊಲ್ಸಿ. ಪೂರ್ತಿ ಆಗ್ಲಿ.”

ಅಂದು ಸಂಜೆ ರಾತ್ರಿಯೂಟದ ಮಟೋಕೆಗೆ ಬಾಳೆಕಾಯಿ ಸುಲಿಯುತ್ತ ನಾಲೊಂಗೊ ಇದ್ದಕ್ಕಿದ್ದಂತೆ ಚಾಕು ಕೆಳಗಿಟ್ಟಳು.

“ನಾನು ಅವನಿಗೇನು ಕಮ್ಮಿ ಮಾಡಿದೆ, ಸೆಂಗಾ? ಅದೇ ಹಾಲು, ಅದೇ ಬೆನ್ನು, ಅದೇ ಗಂಜಿ. ದಿನ ಬಿಟ್ಟು ದಿನ ಎಣಿಸಿದ ಹಾಗೆ ಎತ್ಕೊಂಡಿದ್ದೀನಿ. ವಸ್ವಾ ನನ್ನ ನೋಡಿದ್ರೆ ಕುಣೀತಾನೆ. ಇವನು ನನ್ನ ಕೈಯಲ್ಲಿದ್ದಾಗ್ಲೂ ಬಾಗಿಲನ್ನೇ ನೋಡ್ತಿರ್ತಾನೆ. ನೀವು ಊರಿಗೆ ಹೋದ ಮೇಲೆ ಅವನು ಯಾರನ್ನ ನೋಡಬೇಕು?”

“ನಾನೆಲ್ಲಿಗೆ ಹೋಗ್ತೀನಿ ಈಗ?”

“ಹೋಗಲೇಬೇಕಲ್ಲ. ಕೊಯ್ದಿಟ್ಟ ಗರಿ ಮಳೆಗೆ ಕೊಳೀತಿದೆ ಅಂತ ಹೇಳಿ ಕಳಿಸಿದ್ದಾರೆ, ನೀವೇ ಅಂದ್ರಿ.”

ಹೌದು. ಗರಿಯೂ ಕರೆಯುತ್ತಿತ್ತು, ಮನೆಯೂ ಕರೆಯುತ್ತಿತ್ತು. ಸೆಂಗಾ ಬಾಳೆಕಾಯಿ ತೆಗೆದುಕೊಂಡು ಸಿಪ್ಪೆಯನ್ನು ಬಹಳ ತೆಳ್ಳಗೆ ಹೆರೆಯತೊಡಗಿದಳು. ಏನು ಕಮ್ಮಿ? ಅವಳಿಗೂ ತಿಳಿಯಲಿಲ್ಲ.

ತಿಳಿದದ್ದು ಮರುದಿನ ಬೆಳಿಗ್ಗೆ.

ಹೊರಗೆ ಗುನುಗು ಶುರುವಾಗಿತ್ತು. ಒಳಕೋಣೆಯಲ್ಲಿ ನಾಲೊಂಗೊ ವಸ್ವಾನಿಗೆ ಹಾಲು ಕುಡಿಸುತ್ತಿದ್ದಳು. ಕಾಟೊ ತನ್ನ ಸರದಿಗೆ ಕಾಯುತ್ತ, ದಿನದಂತೆ, ಜಗಲಿಯಲ್ಲಿ ಸೆಂಗಾಳ ಮಡಿಲಲ್ಲಿದ್ದ. ಅವಳು ದಿನದಂತೆ ಕೇಳಿದಳು, ದೊಡ್ಡ ಗಂಡಸರನ್ನು ಕೇಳುವ ಗೌರವದಲ್ಲೇ: “ರಾತ್ರಿ ನಿದ್ದೆ ಬಂತಾ, ಯಜಮಾನ್ರೇ?” ಅವನು ಅವಳ ತುಟಿಯನ್ನೇ ನೋಡಿದ. ಅವಳು ಕಾದಳು. ಕಾಲುದಾರಿಯಲ್ಲಿ ಯಾರೋ ಹೋದರು, ಕೋಳಿ ಅಂಗಳ ದಾಟಿತು, ಅವಳು ಕಾದಳು. ಕಾಟೊ ಹುಬ್ಬು ಗಂಟಿಕ್ಕಿ, ಹೊಟ್ಟೆಯಿಂದಲೇ ತೆಗೆದ ಹಾಗೆ, “ಮ್ಮ್?” ಎಂದ.

“ಏಏ,” ಎಂದಳು ಸೆಂಗಾ.

“ಮ್ಮ್?”

“ಏಏ. ಮನೇಲೆಲ್ಲ ಹೇಗಿದ್ದಾರೆ? ಅಣ್ಣಾವ್ರು?”

“ಮ್ಮ್.”

“ಏಏ. ಅಣ್ಣಾವ್ರು ಊಟಕ್ಕೆ ಕೂತಿದ್ದಾರೆ. ನಮಗೆ ಇನ್ನೂ ಎಲೆ ಹಾಕಿಲ್ಲ.”

ಕಾಟೊ ನಕ್ಕ. ನಗಲು ಹೋದ ಸೆಂಗಾಳ ನಗು ಅರ್ಧಕ್ಕೇ ನಿಂತಿತು.

ಇದು ಎಂದಿನಿಂದ ನಡೆಯುತ್ತಿದೆ? ಅವನು ಕೂರಲು ಕಲಿಯುವ ಮೊದಲಿನಿಂದ. ಸರದಿ ಯಾರದೇ ಇರಲಿ, ಅಂಗಡಿಗೆ ಯಾರೇ ಹೋಗಲಿ, ದಿನದ ಈ ಮೊದಲ ಹೊತ್ತು ಎಂದೂ ಬದಲಾಗಿರಲಿಲ್ಲ. ಬೆನ್ನನ್ನು ಸಮ ಮಾಡಿದ್ದಳು, ಗಂಜಿಯನ್ನು ಸಮ ಮಾಡಿದ್ದಳು, ಮುತ್ತನ್ನೂ ಸಮ ಮಾಡಿದ್ದಳು. ಮೊದಲು ವಸ್ವಾ ಎನ್ನುವುದನ್ನು ಮಾತ್ರ ಮುಟ್ಟಿರಲಿಲ್ಲ, ಅದು ಹಿರಿತನ ಎಂದು. ಆ ಹೊತ್ತಿನಲ್ಲಿ ವಸ್ವಾನಿಗೆ ತಾಯಿಯ ಕಣ್ಣು ಸಿಗುತ್ತಿತ್ತು. ಕಾಟೊನಿಗೆ ಸೆಂಗಾಳ ಮುಖ. ಅವನ ಪಾಲು ಬರುವಷ್ಟರಲ್ಲಿ ನಾಲೊಂಗೊಗೆ ಅಂಗಡಿಗೆ ಹೊತ್ತಾಗಿರುತ್ತಿತ್ತು. ಹಾಲು ಕೊಡುತ್ತಲೇ ಅವಳು ಗುಂಡಿ, ದಾರ, ಕತ್ತರಿ ಹುಡುಕುತ್ತಿದ್ದಳು.

ಅಂದು ಸೆಂಗಾ ಅವಳಿಗಳ ಇನ್ನೊಂದು ಚಾಪೆಗೆ ಹೆಣೆದ ಪಟ್ಟಿ ಸರಿಬರಲಿಲ್ಲ. ನೇರಳೆ ಬರಬೇಕಾದಲ್ಲಿ ಬಿಳಿ ಬಂತು. ಬಿಚ್ಚಿದಳು, ಮತ್ತೆ ಹೆಣೆದಳು, ಮತ್ತೆ ಬಿಳಿ ಬಂತು. ಕಾಟೊ ಪಕ್ಕದಲ್ಲಿ ಕೂತು ಗರಿಯ ತುಂಡನ್ನು ಚೀಪುತ್ತಿದ್ದ. ಕೋಳಿಮರಿಯ ಹಿಂದೆ ಅಂಗಳದ ಅರ್ಧದವರೆಗೆ ಅಂಬೆಗಾಲಿನಲ್ಲಿ ಹೋಗುತ್ತಿದ್ದ, ತಿರುಗಿ ಅವಳು ಅಲ್ಲೇ ಇದ್ದಾಳೆಯೇ ಎಂದು ನೋಡುತ್ತಿದ್ದ, ಇದ್ದಾಳೆ ಎಂದು ಖಾತ್ರಿಯಾದ ಮೇಲೆ ಇನ್ನೂ ಸ್ವಲ್ಪ ಮುಂದೆ ಹೋಗುತ್ತಿದ್ದ.

ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಗರಿ ಕೊಳೆತರೆ ಕೊಳೆಯಲಿ, ಮುಂದಿನ ವರ್ಷ ಬೇರೆ ಬರುತ್ತದೆ. ಇವನು ದೊಡ್ಡವನಾಗಿ, ನನ್ನ ಸೆಂಗಾ ಎಂದು ನನ್ನ ಮನೆಗೇ ಬಂದು ಇದ್ದುಬಿಡಲಿ.

ಕಾಟೊ ತಿರುಗಿ ನೋಡಿದ. ಅವಳು ಇದ್ದಳು. ಅವನು ಮುಂದೆ ಹೋದ. ನಾನಿಲ್ಲದ ದಿನ ಇವನು ಹೀಗೆ ತಿರುಗಿದರೆ, ಎಂದುಕೊಂಡಳು ಸೆಂಗಾ. ಪಟ್ಟಿಯನ್ನು ಮಡಿಲಿನಿಂದ ತೆಗೆದಿಟ್ಟಳು.

ನಾಲೊಂಗೊ ಅಂಗಡಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಸೆಂಗಾ ಹೇಳಿದಳು: “ನಾಳೆಯಿಂದ ಕಾಟೊಗೆ ಮೊದಲು ಕುಡಿಸು. ವಸ್ವಾ ನನ್ನ ಹತ್ರ ಕಾಯ್ಲಿ.”

“ಅಯ್ಯೋ! ಹಿರಿಯನ್ನ ಬಿಟ್ಟು? ಬೆಂಕಿ ಬೀಳತ್ತೆ ಅಂದವರು ನೀವೇ.”

“ಬೆಂಕಿಗೆ ನಾನು ಹೇಳ್ಕೋತೀನಿ. ಇನ್ನೊಂದು ಮಾತು. ಕುಡಿಸೋಕೆ ಮುಂಚೆ ಅವನ ಕ್ಷೇಮ ಕೇಳ್ಬೇಕು.”

“ಕ್ಷೇಮ? ಮಗು ಹತ್ರಾನಾ?”

“ಮಗು ಹತ್ರಾನೇ. ಎಲ್ಲಿ, ನನ್ನನ್ನ ಕೇಳು ನೋಡೋಣ.”

ನಾಲೊಂಗೊ ಕಂಪಾಲಾದಲ್ಲಿ ಬೆಳೆದವಳು. ಅವಳದು ಟ್ಯಾಕ್ಸಿ ಹತ್ತುವವರ ಕ್ಷೇಮಸಮಾಚಾರ. “ಚೆನ್ನಾಗಿದ್ದೀರಾ ಸೆಂಗಾ, ಹಾಂ ಚೆನ್ನಾಗಿದ್ದೀರಿ, ಎಲ್ಲ ಆರಾಮ ಅಲ್ವಾ, ಮ್ಮ್ ಮ್ಮ್.”

“ನೋಡು! ಕೇಳೋಳೂ ನೀನೇ, ಹೇಳೋಳೂ ನೀನೇ. ನಾನ್ಯಾಕೆ ಬೇಕು ಇಲ್ಲಿ? ಕೇಳಿ ಬಿಡಬೇಕು. ಸುಮ್ನಿರಬೇಕು. ಅವನು ತಗೊಳ್ಳೋಷ್ಟು ಹೊತ್ತು ತಗೋತಾನೆ. ಉಗುಳು ನುಂಗ್ತಾನೆ, ಕಾಲು ಆಡಿಸ್ತಾನೆ, ನೊಣ ನೋಡ್ತಾನೆ. ನೀನು ಕತ್ತರಿ ಹುಡುಕಬಾರದು. ಆಮೇಲೆ ಅವನು ಮ್ಮ್ ಅಂತಾನೆ. ಆಗ ನೀನು ಏಏ.”

“ಅಷ್ಟೇನಾ?”

“ಅಷ್ಟೇ.”

ನಾಲೊಂಗೊ ಅವಳ ಮುಖವನ್ನು ನೋಡಿದಳು. ಮೊಣಕಾಲೂರಿ ಕೂತು, ಹಳ್ಳಿಯ ಹೆಣ್ಣುಮಕ್ಕಳು ಹಿರಿಯರನ್ನು ಕೇಳುವ ಹಾಗೆ ನಿಧಾನವಾಗಿ ಕೇಳಿದಳು: “ಈ ದಿನ ಹೇಗೆ ಕಳೀತು, ಸೆಂಗಾ?” ಉತ್ತರಕ್ಕೆ ಕಾದಳು.

ಮರುದಿನ ಬೆಳಿಗ್ಗೆ ಸೆಂಗಾ ವಸ್ವಾನನ್ನು ಎತ್ತಿಕೊಂಡು ಅಡಿಗೆಮನೆಯ ಗೋಡೆಯ ಹಿಂದೆ ಹೋಗಿ ನಿಂತಳು. ಜಗಲಿಯಲ್ಲಿ ನಾಲೊಂಗೊ, ಕಾಟೊ. ನಾಲೊಂಗೊ ಕೇಳಿದಳು, ಸುಮ್ಮನಾದಳು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಬಂತು: “ಮ್ಮ್?”

ಅದು ಜಗಲಿಯಲ್ಲಿ ಕೂತವಳಿಗಲ್ಲ. ಬಾಗಿಲ ಕಡೆಗೆ ತಿರುಗಿ ಹೇಳಿದ್ದು, ಸೆಂಗಾಳಿಗೆ ಕೇಳಿಸಿಯೇ ತಿಳಿಯಿತು. ನೀನೆಲ್ಲಿ ಎನ್ನುವ ಮ್ಮ್. ಏಏ ಎನ್ನಲು ಅವಳ ಬಾಯಿ ಆಗಲೇ ತೆರೆದಿತ್ತು. ಹುಟ್ಟಿದಾಗಿನಿಂದ ಯಾರ ಮ್ಮ್ ಅನ್ನೂ ಅವಳು ಹಾಗೆ ನೆಲಕ್ಕೆ ಬೀಳಲು ಬಿಟ್ಟಿರಲಿಲ್ಲ, ಪರಿಚಯವಿಲ್ಲದವರದನ್ನೂ ಬಿಟ್ಟಿರಲಿಲ್ಲ. ತಲೆಬಟ್ಟೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ವಸ್ವಾ ಅವಳ ಮೂಗು ಹಿಡಿದು ಎಳೆದ.

“ಮ್ಮ್?”

“ಏಏ,” ಎಂದಳು ನಾಲೊಂಗೊ.

ಕಾಟೊ ಅತ್ತ. ಅಂದು ಅತ್ತ, ಮರುದಿನವೂ ಅತ್ತ. ನಾಲೊಂಗೊ ಕತ್ತರಿ ಹುಡುಕಲಿಲ್ಲ, ಅವನನ್ನು ಹಿಂದಕ್ಕೂ ಕೊಡಲಿಲ್ಲ. ಅವನ ಅಳು ಮುಗಿದಾಗ ಅವಳ ಮುಖ ಅಲ್ಲೇ ಇರುತ್ತಿತ್ತು. ಸಮವಸ್ತ್ರದ ಕೆಲಸ ತಡವಾಯಿತು. ಸಾಲೊಂಗೊ ಅಂಗಡಿಗೆ ಹೋಗಿ, “ಯಜಮಾನತಿ ಒಬ್ಬ ದೊಡ್ಡ ಮನುಷ್ಯರ ಜೊತೆ ಮಾತುಕತೆಯಲ್ಲಿದ್ದಾಳೆ, ನಾಳೆ ಬನ್ನಿ,” ಎಂದು ಗಿರಾಕಿಗಳಿಗೆ ಹೇಳಿ ಬರುತ್ತಿದ್ದ.

ಒಂದು ಬೆಳಿಗ್ಗೆ ಗೋಡೆಯ ಹಿಂದೆ ನಿಂತ ಸೆಂಗಾಳಿಗೆ ಬೇರೆ ಮ್ಮ್ ಕೇಳಿಸಿತು. ಬಾಗಿಲಿಗಲ್ಲ. ಹತ್ತಿರದವರಿಗೆ ಹೇಳುವ, ಸಣ್ಣ, ಸಾವಕಾಶದ ಮ್ಮ್. “ಏಏ,” ಎಂದಳು ನಾಲೊಂಗೊ. “ಮ್ಮ್.” “ಏಏ.” ಆಮೇಲೆ ಇಬ್ಬರೂ ನಕ್ಕರು. ಯಾರು ಮೊದಲು ನಕ್ಕರೋ ಗೊತ್ತಾಗಲಿಲ್ಲ.

ಸೆಂಗಾ ಗೋಡೆಗೆ ಒರಗಿದಳು. ಅವಳ ತೋಳಿನಲ್ಲಿದ್ದ ವಸ್ವಾ ಅವಳನ್ನೇ ನೋಡುತ್ತಿದ್ದ.

“ನಿಮ್ಮ ಕ್ಷೇಮ ಹೇಗೆ, ಅಣ್ಣಾವ್ರೇ?”

ವಸ್ವಾ ಬಹಳ ಯೋಚಿಸಿ, ತುಟಿ ಉಬ್ಬಿಸಿ, ಅವಳ ಮುಖದ ತುಂಬ ಉಗುಳು ಹಾರಿಸುತ್ತ “ಬ್ರ್ರ್ರ್” ಎಂದ.

ಅವಳ ನಗು ಮೂರು ಮನೆಯಾಚೆಗೆ ಕೇಳಿಸಿತು. “ಏನೇ ಅದು?” ಎಂದು ನಬುಲ್ಯಾ ಬೇಲಿಗೆ ಬಂದಳು. ವಿಷಯ ಕೇಳಿ ತಲೆ ಆಡಿಸಿದಳು. “ಮತ್ತೆ? ಒಂದು ಸಲ ಗೊನೆ ಬಿಟ್ಟು ಮುಗೀತು ಅನ್ನೋಕೆ ಮಗು ಏನು ಬಾಳೆಗಿಡಾನಾ? ಅವಳನ್ನೂ ಹಿಡ್ಕೋತಾನೆ, ನಿನ್ನನ್ನೂ ಹಿಡ್ಕೋತಾನೆ. ಕೈ ಎರಡಿಲ್ವಾ ಅವನಿಗೆ?”

“ಇದನ್ನ ಆವತ್ತೇ ಹೇಳಬಾರದಿತ್ತಾ, ಅಜ್ಜಿ?”

“ಆವತ್ತು ನೀವು ಫ್ರಾಕು ಬದಲಾಯಿಸ್ತಿದ್ರಿ. ನಂಗೆ ನೋಡೋದೇ ಆಯ್ತು.”

ಮಳೆ ಒಂದೆರಡು ದಿನ ಬಿಡುವು ಕೊಟ್ಟಾಗ ಸೆಂಗಾ ಹೊರಟಳು. ಬೇಯಿಸಿದ ಗೆಣಸಿನ ಗಂಟು ಕೈಯಲ್ಲಿ, ಸುತ್ತಿದ ಚಾಪೆ ತಲೆಯ ಮೇಲೆ. ಅವಳಿಗಳಿಗೆಂದು ಈಚೆಗೆ ಹೆಣೆದ ಚಾಪೆಯನ್ನು ಬಿಟ್ಟು ಹೋಗುತ್ತಿದ್ದಳು. ಅದರಲ್ಲಿ ಒಂದು ಕಡೆ ನೇರಳೆ ಬರಬೇಕಾದಲ್ಲಿ ಬಿಳಿ ಬಂದ ಪಟ್ಟಿಯೊಂದು ಹಾಗೇ ಸೇರಿಕೊಂಡಿತ್ತು. ಬಿಚ್ಚಲು ಅವಳು ಕೂರಲಿಲ್ಲ.

ವಸ್ವಾ ಅಪ್ಪನ ಹೆಗಲ ಮೇಲಿದ್ದ. ಕಾಟೊ ತಾಯಿಯ ಬೆನ್ನ ಮೇಲಿದ್ದ. ಸೆಂಗಾ ಅಂಗಳ ದಾಟಿದಾಗ ಅವನ ಕೆಳತುಟಿ ಹೊರಬಂತು. ಹಲಸಿನ ಮರದ ಹತ್ತಿರ ಹೋಗುವಷ್ಟರಲ್ಲಿ ಅಳು ಬಂತು, ಜೋರಾಗಿಯೇ ಬಂತು. ಅವಳ ಹೆಜ್ಜೆ ತಡವರಿಸಿತು. ಹಿಂದಿನಿಂದ ನಾಲೊಂಗೊ ಅವಸರವಿಲ್ಲದೆ ಮಗನನ್ನು ಕೇಳುತ್ತಿದ್ದಳು, “ಸೆಂಗಾ ಹೊರಟ್ರಾ, ಯಜಮಾನ್ರೇ? ಬೇಜಾರಾಯ್ತಾ?” ಆಮೇಲೆ ಅವಳ ದನಿ ನಿಂತಿತು, ಅವಳು ಕಾಯುತ್ತಿದ್ದಾಳೆ ಎಂದು ಸೆಂಗಾಳ ಬೆನ್ನಿಗೆ ಗೊತ್ತಾಯಿತು. ಅಳು ಬಿಕ್ಕಾಯಿತು. ಬಿಕ್ಕುಗಳ ನಡುವೆ ಕಾಟೊ ತಾಯಿಯ ಬೆನ್ನಿಗೆ ಕೆನ್ನೆ ಒತ್ತಿ, ಎಲ್ಲರಿಗೂ ಸೇರಿಸಿದ ಹಾಗೆ, “ಮ್ಮ್,” ಎಂದ.

“ಏಏ,” ಎಂದಳು ನಾಲೊಂಗೊ.

“ಏಏ,” ಎಂದಳು ಸೆಂಗಾ, ತಿರುಗದೆ.

“ಮ್ಮ್.”

“ಏಏ... ಕೇಳು ನಾಲೊಂಗೊ, ಅವನು ಗರಿ ಚೀಪ್ತಾನೆ, ಬಣ್ಣದ್ದು ಕೊಡಬೇಡ. ಮತ್ತೆ ವಸ್ವಾ ಉಗುಳಿದ್ರೆ ಬೈಬೇಡ, ಅದು ಅವನ ಕ್ಷೇಮಸಮಾಚಾರ, ನೀನೂ ಹಾಗೇ ಅನ್ನು... ಏಏ... ಮತ್ತೆ ಮಳೆ ಮುಗಿದ ಮೇಲೆ ಇಬ್ಬರನ್ನೂ ಕರ್ಕೊಂಡು ನನ್ನ ಮನೆಗೆ ಬಂದ್ರೆ, ಆ ಕೊಟ್ಟಿಗೆ ಹಿಂದೆ ಒಂದು ಸಣ್ಣ ಈಚಲು ಇದೆ, ಅದರ ಕೆಳಗೆ ನಾನು ಮೊದಲು ಕಾಟೊನ... ಅಲ್ಲ, ಮೊದಲು ಯಾರೂ ಬೇಡ, ಇಬ್ಬರನ್ನೂ ಒಟ್ಟಿಗೆ... ಏಏ... ಒಟ್ಟಿಗೆ ಕೂರಿಸ್ಕೊಂಡು,” ಎನ್ನುತ್ತ ಸೆಂಗಾ ಬಾಳೆತೋಟದ ತಿರುವಿನಲ್ಲಿ ತಲೆಯ ಮೇಲಿನ ಚಾಪೆಯನ್ನು ಒಂದು ಕೈಯಲ್ಲಿ ಹಿಡಿದು, ಎಲೆಗಳ ನಡುವೆ ತಲೆ ತಗ್ಗಿಸಿ, “ನಾನು ಅವರಿಗೆ ಹೆಣೆಯೋದು ಕಲಿಸ್ತೀನಿ... ಏಏ...” ಎನ್ನುತ್ತಲೇ ದೂರವಾದಳು.